ಗಾಳದ ತುದಿಯ ಚೆಲುವು

ಅಂಚೆಚೀಟಿಯೆಂಬುದು ಒಂದು ದೇಶ ತನ್ನನ್ನು ಕುರಿತು ತಾನೇ ಬರೆದುಕೊಳ್ಳುವ ಅತ್ಯಂತ ಕಿರಿದಾದ ಗ್ರಂಥ. ಎರಡು ಬೆರಳಿನಗಲದ ಆ ಕಾಗದದ ಮೇಲೆ ಯಾರು ಕೂರಬೇಕೆಂಬುದನ್ನು ಸರ್ಕಾರಗಳು ಬಹು ಎಚ್ಚರದಿಂದ ನಿರ್ಧರಿಸುತ್ತವೆ. ದೊರೆಗಳು ಕೂತರು, ರಾಷ್ಟ್ರನಾಯಕರು ಕೂತರು, ಕವಿಗಳೂ ವಿಜ್ಞಾನಿಗಳೂ ಕೂತರು. ಅಣೆಕಟ್ಟು, ವಿಮಾನ, ಹುಲಿ, ಕಮಲ ಇವುಗಳಿಗೂ ಎಡೆ ದೊರೆಯಿತು. ಈ ಗಣ್ಯರ ಪಂಕ್ತಿಗೆ 2025ರಲ್ಲಿ ವಿಚಿತ್ರ ಅತಿಥಿಯೊಂದು ಬಂದು ಸೇರಿತು. ಅಮೆರಿಕ ಸಂಯುಕ್ತ ಸಂಸ್ಥಾನದ ಅಂಚೆ ಇಲಾಖೆ ಆ ವರ್ಷ, ಸಿಹಿನೀರಿನ ಮೀನುಗಳನ್ನು ಹಿಡಿಯಲು ಬಳಸುವ ಕೃತಕ ಎರೆಗಳ ಚಿತ್ರವುಳ್ಳ ಅಂಚೆಚೀಟಿಗಳನ್ನು ಹೊರತಂದಿತು.

ಎರೆಯೆಂದರೇನೆಂದು ಕೆರೆಯ ದಂಡೆಯಲ್ಲಿ ಆಡಿ ಬೆಳೆದವರಿಗೆ ಹೇಳಬೇಕಾಗಿಲ್ಲ. ತೇವದ ಮಣ್ಣನ್ನು ಕೆದಕಿ ತೆಗೆದ ಹುಳುವನ್ನೋ ಹಿಟ್ಟಿನ ಉಂಡೆಯನ್ನೋ ಗಾಳಕ್ಕೆ ಸಿಕ್ಕಿಸಿ ನೀರಿಗೆ ಬಿಟ್ಟು, ದಾರಕ್ಕೆ ಕಟ್ಟಿದ ಬೆಂಡು ಯಾವಾಗ ಮುಳುಗೀತೆಂದು ಕಾಯುತ್ತ ಕೂರುವ ಹುಡುಗರನ್ನು ನಾವೆಲ್ಲ ಕಂಡಿದ್ದೇವೆ. ಅಲ್ಲಿ ಹುಳು ನಿಜ, ಮೀನಿನ ಹಸಿವೂ ನಿಜ. ಮೋಸವಿರುವುದು ಒಳಗಿನ ಕೊಕ್ಕೆಯಲ್ಲಿ ಮಾತ್ರ. ಅಂಚೆಚೀಟಿಯನ್ನೇರಿದ ಎರೆ ಬೇರೆ ಜಾತಿಯದು. ಮರ, ತಗಡು, ಗರಿ, ರೇಷ್ಮೆ, ಬಣ್ಣ ಇವುಗಳಿಂದ ಮಾಡಿದ ಈ ವಸ್ತುವಿನಲ್ಲಿ ತಿನ್ನುವಂಥದು ಏನೂ ಇಲ್ಲ. ಕೊಕ್ಕೆಯೊಂದನ್ನುಳಿದು ಮಿಕ್ಕದ್ದೆಲ್ಲ ಸೋಗು. ಮಾತಿನ ಅನುಕೂಲಕ್ಕಾಗಿ ಇದನ್ನು ಹುಸಿಯೆರೆ ಎಂದು ಕರೆಯೋಣ.

ಹುಸಿಯೆರೆಗೆ ಈ ಗೌರವ ಸಂದದ್ದು ಇದೇ ಮೊದಲ ಸಲವಲ್ಲ. 1991ರಲ್ಲಿ ಅದೇ ದೇಶದ ಅಂಚೆ ಇಲಾಖೆ ಗರಿ ಮತ್ತು ನೂಲುಗಳಿಂದ ಕಟ್ಟಿದ ಐದು ‘ನೊಣ’ಗಳನ್ನು 29 ಸೆಂಟಿನ ಚೀಟಿಗಳ ಮೇಲೆ ಅಚ್ಚುಮಾಡಿತ್ತು. ಮೀನನ್ನು ವಂಚಿಸಲೆಂದೇ ಹುಟ್ಟಿದ ಸಾಧನವೊಂದು ಹೀಗೆ ರಾಷ್ಟ್ರದ ಗೌರವಪೀಠವನ್ನೇರಿದ್ದು ಹೇಗೆ? ಒಂದು ಸುಳ್ಳನ್ನು ಇಷ್ಟು ಅಕ್ಕರೆಯಿಂದ ಮನುಷ್ಯ ಏಕೆ ಸಿಂಗರಿಸಿದ? ಆ ಸಿಂಗಾರದ ವೆಚ್ಚವನ್ನು ತೆತ್ತವರು ಯಾರು? ಈ ಮೂರು ಪ್ರಶ್ನೆಗಳನ್ನು ಹಿಡಿದು ಶ್ರೋತೃಗಳೊಡನೆ ಸ್ವಲ್ಪ ದೂರ ನಡೆಯಬೇಕೆಂದು ನನ್ನ ಆಸೆ.

ಕ್ರಿಸ್ತಶಕ 200ರ ಸುಮಾರಿನಲ್ಲಿ ರೋಮಿನಲ್ಲಿದ್ದ ಈಲಿಯನ್ ಎಂಬ ಲೇಖಕ ಪ್ರಾಣಿಗಳ ಸ್ವಭಾವವನ್ನು ಕುರಿತು ಗ್ರೀಕ್ ಭಾಷೆಯಲ್ಲಿ ಒಂದು ಗ್ರಂಥವನ್ನು ರಚಿಸಿದ. ಮ್ಯಾಸಿಡೋನಿಯದ ಒಂದು ನದಿಯಲ್ಲಿ ಚುಕ್ಕೆ ಚುಕ್ಕೆಯ ಮೀನುಗಳಿವೆಯೆಂದೂ, ನೀರಿನ ಮೇಲೆ ಸುಳಿಯುವ ಒಂದು ಬಗೆಯ ನೊಣವೆಂದರೆ ಅವುಗಳಿಗೆ ಬಲು ಪ್ರೀತಿಯೆಂದೂ ಅವನು ಹೇಳುತ್ತಾನೆ. ಆದರೆ ಆ ನೊಣವನ್ನೇ ಹಿಡಿದು ಗಾಳಕ್ಕೆ ಚುಚ್ಚುವಂತಿಲ್ಲ. ಮನುಷ್ಯನ ಕೈ ಸೋಕಿದೊಡನೆ ಅದರ ಬಣ್ಣ ಮಾಸುತ್ತದೆ, ರೆಕ್ಕೆ ಬಾಡುತ್ತದೆ, ಮೀನು ಅದನ್ನು ಮೂಸುವುದೂ ಇಲ್ಲ. ಆದ್ದರಿಂದ ಅಲ್ಲಿಯ ಬೆಸ್ತರು ಕೊಕ್ಕೆಗೆ ಕೆಂಪು ಉಣ್ಣೆಯನ್ನು ಸುತ್ತಿ, ಹುಂಜದ ಕೊರಳಡಿಯಿಂದ ತೆಗೆದ, ಮೇಣದ ಬಣ್ಣದ ಎರಡು ಗರಿಗಳನ್ನು ಅದಕ್ಕೆ ಕಟ್ಟಿ ನೀರಿಗೆ ಬಿಡುತ್ತಾರೆ. ಹುಸಿಯೆರೆಯ ಸ್ಪಷ್ಟವಾದ ವರ್ಣನೆಗಳಲ್ಲಿ ನಮಗೆ ಉಳಿದುಬಂದಿರುವ ಬಹು ಹಳೆಯದು ಇದು. ನಿಜವು ಕೈಗೆ ನಿಲ್ಲದೆ ಬಾಡಿಹೋದಾಗ ಮನುಷ್ಯ ಅನುಕರಣೆಗೆ ಕೈಹಾಕಿದ. ಕಲೆಯ ಹುಟ್ಟನ್ನು ಕುರಿತು ಹೇಳುವ ಮಾತೂ ಇದಕ್ಕಿಂತ ಬಹಳ ಬೇರೆಯಾಗಿರಲಾರದು.

ಮೀನು ಹಿಡಿಯುವುದನ್ನು ಹೊಟ್ಟೆಯ ಪಾಡಿನಿಂದ ಬೇರ್ಪಡಿಸಿ ಒಂದು ವಿದ್ಯೆಯೆಂದು, ವಿನೋದವೆಂದು ಬರೆದಿಟ್ಟವರಲ್ಲಿ ನಮ್ಮ ನಾಡಿನ ಅರಸನೊಬ್ಬನೂ ಇದ್ದಾನೆ. ಕಲ್ಯಾಣದಿಂದ, ಎಂದರೆ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಸಂಸ್ಕೃತ ವಿಶ್ವಕೋಶ ‘ಮಾನಸೋಲ್ಲಾಸ’. ಅದರಲ್ಲಿ ‘ಮತ್ಸ್ಯವಿನೋದ’ವೆಂಬ ಒಂದು ಭಾಗವೇ ಇದೆ. ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳು, ಯಾವ ಮೀನಿಗೆ ಯಾವ ಆಹಾರ ಇಷ್ಟ, ಗಾಳದ ಕೋಲು ಮತ್ತು ಹುರಿ ಹೇಗಿರಬೇಕು ಎಂಬ ವಿವರಗಳು ಅಲ್ಲಿವೆ. ಮೀನಿಗೆ ಮೊದಲು ತಿನಿಸು ಹಾಕಿ ಅಭ್ಯಾಸ ಹಿಡಿಸಿ, ಬಳಿಕ ಗಾಳ ಹಾಕುವ ಕ್ರಮ ಅದು. ಸೋಮೇಶ್ವರನ ಎರೆ ನಿಜವಾದ ಎರೆ. ಆದರೂ ಗಾಳ ಹಾಕುವವನಿಗೆ ಮೊದಲು ಬೇಕಾದದ್ದು ಮೀನನ್ನು ಕುರಿತ ತಿಳಿವು ಎಂಬ ತತ್ವವನ್ನು ಅವನು ಕಂಡಿದ್ದ. ಹುಸಿಯೆರೆಯ ಇತಿಹಾಸಕ್ಕೂ ಅಡಿಗಲ್ಲು ಈ ತತ್ವವೇ.

ಇಂಗ್ಲೆಂಡಿನಲ್ಲಿ ಈ ವಿದ್ಯೆ ಅಚ್ಚಿಗೆ ಬಂದದ್ದು 1496ರಲ್ಲಿ. ಕ್ಯಾಕ್ಸ್‌ಟನ್ನನ ಮುದ್ರಣಾಲಯದ ಉತ್ತರಾಧಿಕಾರಿಯಾದ ವಿಂಕಿನ್ ಡಿ ವರ್ಡ್ ಆ ವರ್ಷ ಗಾಳದ ಬೇಟೆಯನ್ನು ಕುರಿತ ಪ್ರಬಂಧವೊಂದನ್ನು ಮುದ್ರಿಸಿದ. ಅದನ್ನು ಬರೆದವಳು ಜೂಲಿಯಾನ ಬರ್ನರ್ಸ್ ಎಂಬ ಸನ್ಯಾಸಿನಿಯೆಂದು ಪರಂಪರೆ ಹೇಳುತ್ತದೆ, ಖಚಿತವಾದ ಆಧಾರವಿಲ್ಲ. ಹನ್ನೆರಡು ಬಗೆಯ ನೊಣಗಳನ್ನು ಕಟ್ಟುವ ವಿಧಾನವನ್ನು ತಿಂಗಳುಗಳ ಕ್ರಮದಲ್ಲಿ ಆ ಪ್ರಬಂಧ ಹೇಳುತ್ತದೆ. ಯಾವ ಋತುವಿನಲ್ಲಿ ಯಾವ ಕೀಟ ನೀರಿನ ಮೇಲೆ ಹಾರುತ್ತದೆಯೋ ಆ ಋತುವಿಗೆ ಆ ವೇಷ. ಅತಿಯಾಸೆಯಿಂದ ಬೇಕಾದ್ದಕ್ಕಿಂತ ಹೆಚ್ಚು ಮೀನನ್ನು ಹಿಡಿಯಬಾರದೆಂಬ ಎಚ್ಚರಿಕೆಯೂ ಅಲ್ಲಿದೆ. ಒಂದೂವರೆ ಶತಮಾನದ ನಂತರ, 1653ರಲ್ಲಿ, ಐಸಾಕ್ ವಾಲ್ಟನ್ನನ ‘ದಿ ಕಂಪ್ಲೀಟ್ ಆ್ಯಂಗ್ಲರ್’ ಹೊರಬಂದಾಗ ಗಾಳ ಹಿಡಿದು ಕೂರುವುದು ಇಂಗ್ಲಿಷ್ ಸಾಹಿತ್ಯದ ಒಂದು ಮನೋಧರ್ಮವೇ ಆಯಿತು.

ಇಲ್ಲಿಯವರೆಗೆ ಹುಸಿಯೆರೆ ಬಡವರ ಮನೆಯ ಹುಡುಗಿಯಂತೆ ಸರಳವಾಗಿತ್ತು. ಉಣ್ಣೆ, ಹುಂಜದ ಗರಿ, ಬಾತುಕೋಳಿಯ ಗರಿ—ಕೈಗೆ ಸಿಕ್ಕಿದ್ದೇ ಒಡವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅವಳಿಗೆ ಸಾಮ್ರಾಜ್ಯದ ಸಂಪತ್ತು ದೊರೆಯಿತು. ಬ್ರಿಟನ್ನಿನ ಹಡಗುಗಳು ಹಿಂದಿರುಗುವಾಗ ಮಸಾಲೆ, ಹತ್ತಿ, ಚಹಾಗಳೊಡನೆ ಪ್ರಪಂಚದ ನಾನಾ ಹಕ್ಕಿಗಳ ಚರ್ಮವನ್ನೂ ಹೊತ್ತು ತಂದವು. ಸಾಲ್ಮನ್ ಮೀನಿಗೆಂದು ಕಟ್ಟುವ ನೊಣಗಳಲ್ಲಿ ಈ ಗರಿಗಳೆಲ್ಲ ಒಟ್ಟುಗೂಡಿದವು. ಆ ಶತಮಾನದ ಮಧ್ಯಭಾಗದಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ‘ಜಾಕ್ ಸ್ಕಾಟ್’ ಎಂಬ ನೊಣ ಇವುಗಳಲ್ಲಿ ಅತ್ಯಂತ ಪ್ರಸಿದ್ಧ. 1991ರ ಅಮೆರಿಕದ ಚೀಟಿಗಳಲ್ಲಿ ಇದೂ ಒಂದು. ಇದರಲ್ಲಿ ದಕ್ಷಿಣ ಅಮೆರಿಕದ ಟೂಕನ್ ಹಕ್ಕಿಯ ಗರಿಯುಂಟು, ಚೀನದ ಹೊನ್ನಿನ ಬಣ್ಣದ ಫೆಸೆಂಟಿನ ಗರಿಯುಂಟು. ಅದರ ಕೆನ್ನೆಯಲ್ಲಿ ಕಣ್ಣಿನಂತೆ ಹೊಳೆಯುವ ಗರಿ ಮಾತ್ರ ನಮ್ಮದು. ಅದು ದಕ್ಷಿಣ ಭಾರತದ ಕಾಡುಕೋಳಿಯ ಕೊರಳಿನದು.

ಮಲೆನಾಡಿನಲ್ಲಿ ಬೆಳಗಿನ ಜಾವ ನಡೆದವರಿಗೆ ಈ ಹಕ್ಕಿಯ ಪರಿಚಯ ಕಿವಿಯಿಂದ ಆಗಿರುತ್ತದೆ. ಊರ ಹುಂಜದ ಕೂಗನ್ನು ಯಾರೋ ನಡುವೆಯೇ ಮುರಿದಂತೆ ಕೇಳುವ ಆ ದನಿ ಪೊದೆಯೊಳಗಿಂದ ಬರುತ್ತದೆ. ಹಕ್ಕಿ ಮಾತ್ರ ಕಾಣಿಸುವುದು ಅಪರೂಪ. ಹುಂಜದ ಬೂದುಬಣ್ಣದ ಮೈಯ ಮೇಲೆ, ಕೊರಳ ಸುತ್ತ, ಪ್ರತಿಯೊಂದು ಗರಿಯ ಮೇಲೂ ಮೇಣದ ಹನಿ ಬಿದ್ದು ಗಟ್ಟಿಯಾದಂತೆ ದಂತವರ್ಣದ, ಹಳದಿಯ ಚುಕ್ಕೆಗಳಿರುತ್ತವೆ. ಈ ಚುಕ್ಕೆಯೇ ಅದಕ್ಕೆ ಶತ್ರುವಾಯಿತು. ನೀರಿನಲ್ಲಿ ಅದು ಮರಿಮೀನಿನ ಕಣ್ಣಿನಂತೆ ಕಾಣುತ್ತದೆಂದು ನೊಣ ಕಟ್ಟುವವರು ಕಂಡುಕೊಂಡರು. ಸಹ್ಯಾದ್ರಿಯ ಹಕ್ಕಿಯ ಕೊರಳು ಹೀಗೆ ಸ್ಕಾಟ್ಲೆಂಡಿನ ಹೊಳೆಯನ್ನು ಸೇರಿತು. ಕಾಡುಹಕ್ಕಿಗಳ ಗರಿಯ ರಫ್ತನ್ನು ಭಾರತ ಸರ್ಕಾರ 1902ರಲ್ಲಿಯೇ ನಿಷೇಧಿಸಿತು. ಸ್ವತಂತ್ರ ಭಾರತದ 1972ರ ವನ್ಯಜೀವಿ ಕಾಯಿದೆ ರಕ್ಷಣೆಯನ್ನು ಇನ್ನಷ್ಟು ಬಿಗಿಮಾಡಿತು. ಈಗ ಈ ಗರಿಗಾಗಿ ಹೊರದೇಶಗಳಲ್ಲಿ ಹಕ್ಕಿಗಳನ್ನು ಸಾಕಿ ಬೆಳೆಸುತ್ತಾರೆ. ಪ್ಲಾಸ್ಟಿಕ್ಕಿನ ಮೇಲೆ ಚುಕ್ಕೆ ಅಚ್ಚುಮಾಡಿದ ಕೃತಕ ಗರಿಯೂ ಬಂದಿದೆ. ಹುಸಿಗೂ ಒಂದು ಹುಸಿ ಹುಟ್ಟಿದಂತಾಯಿತು!

ಇಲ್ಲೊಂದು ಸೋಜಿಗವಿದೆ. ಸಮುದ್ರದಲ್ಲಿ ಬೆಳೆದ ಸಾಲ್ಮನ್ ಮೀನು ಮೊಟ್ಟೆಯಿಡಲೆಂದು ತಾನು ಹುಟ್ಟಿದ ಹೊಳೆಗೆ ಹಿಂದಿರುಗುತ್ತದಲ್ಲವೆ? ಸಿಹಿನೀರಿಗೆ ಕಾಲಿಟ್ಟ ಮೇಲೆ ಅದು ಆಹಾರವನ್ನೇ ತೆಗೆದುಕೊಳ್ಳುವುದಿಲ್ಲ. ಉಪವಾಸ ವ್ರತದಲ್ಲಿರುವ ಯಾತ್ರಿಕನ ಮುಂದೆ ಹಿಡಿದ ಭಕ್ಷ್ಯದಂತೆ ಈ ನೊಣ! ಅದು ಆ ಗರಿಯ ಗೊಂಚಲನ್ನು ಏಕೆ ಕಚ್ಚುತ್ತದೆಂಬುದು ಇಂದಿಗೂ ಚರ್ಚೆಯ ವಿಷಯ. ಯಾವ ಕೀಟವನ್ನೂ ಹೋಲದ ಈ ನೊಣಕ್ಕೆ ಟೂಕನ್ನಿನ ಗರಿಯೇ ಬೇಕು, ಕಾಡುಕೋಳಿಯ ಗರಿಯೇ ಬೇಕು ಎಂದು ಪಟ್ಟು ಹಿಡಿದವನು ಮನುಷ್ಯ, ಮೀನು ಕೇಳಿರಲಿಲ್ಲ. 1895ರಲ್ಲಿ ಜಾರ್ಜ್ ಕೆಲ್ಸನ್ ಎಂಬಾತ ಸಾಲ್ಮನ್ ನೊಣಗಳನ್ನು ಕುರಿತು ಒಂದು ದೊಡ್ಡ ಗ್ರಂಥವನ್ನೇ ಬರೆದು, ಯಾವ ನೊಣಕ್ಕೆ ಯಾವ ಗರಿಯೆಂಬುದನ್ನು ಶಾಸ್ತ್ರಗ್ರಂಥದ ಗಾಂಭೀರ್ಯದಿಂದ ವಿಧಿಸಿದ. ಮೀನಿಗೆಂದು ಕಟ್ಟಿದ ಗಾಳ ಅಷ್ಟು ಹೊತ್ತಿಗೆ ಮನುಷ್ಯನನ್ನೇ ಹಿಡಿದಿತ್ತು.

ಹಿಡಿದದ್ದು ಎಷ್ಟು ಬಲವಾಗಿ ಎಂಬುದಕ್ಕೆ ನಮ್ಮ ಕಾಲದ ಒಂದು ನಿದರ್ಶನವಿದೆ. 2009ರ ಜೂನ್ ತಿಂಗಳ ಒಂದು ರಾತ್ರಿ ಇಂಗ್ಲೆಂಡಿನ ಟ್ರಿಂಗ್ ಎಂಬ ಊರಿನಲ್ಲಿರುವ ನಿಸರ್ಗ ಇತಿಹಾಸ ಸಂಗ್ರಹಾಲಯಕ್ಕೆ ಸಂಗೀತದ ವಿದ್ಯಾರ್ಥಿಯೊಬ್ಬ ಕಿಟಕಿ ಒಡೆದು ನುಗ್ಗಿದ. ಅವನು ಕದ್ದದ್ದು ಬೆಳ್ಳಿಬಂಗಾರವನ್ನಲ್ಲ, ಒಣಗಿಸಿಟ್ಟ 299 ಹಕ್ಕಿಗಳ ಚರ್ಮವನ್ನು. ಹಳೆಯ ಶಾಸ್ತ್ರದಂತೆ ಸಾಲ್ಮನ್ ನೊಣ ಕಟ್ಟುವ ಹುಚ್ಚು ಅವನದು. ಡಾರ್ವಿನ್ನನ ಸಮಕಾಲೀನ ವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೆಸ್ ಮಲಯ ದ್ವೀಪಸಮೂಹದಲ್ಲಿ ಸಂಗ್ರಹಿಸಿದ ಹಕ್ಕಿಗಳೂ ಅವುಗಳಲ್ಲಿದ್ದವು. ಸಂಗ್ರಹಾಲಯದ ಪ್ರತಿಯೊಂದು ಹಕ್ಕಿಯ ಕಾಲಿಗೂ ಒಂದು ಚೀಟಿ ಕಟ್ಟಿರುತ್ತದೆ. ಯಾವ ಊರು, ಯಾವ ದಿನ, ಯಾರು ಹಿಡಿದದ್ದು ಎಂಬ ವಿವರ ಅದರಲ್ಲಿ. ಕಳ್ಳ ಸಿಕ್ಕಿದ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಚರ್ಮಗಳು ಇಡಿಯಾಗಿ ಹಿಂದಕ್ಕೆ ಬಂದವು. ಆದರೆ ಅವುಗಳಲ್ಲಿಯೂ ಅನೇಕವು ಚೀಟಿಯನ್ನು ಕಳೆದುಕೊಂಡಿದ್ದವು. ಚೀಟಿ ಹೋದ ಹಕ್ಕಿ ವಿಜ್ಞಾನದ ಪಾಲಿಗೆ ವಿಳಾಸವಿಲ್ಲದ ಕಾಗದದಂತೆ. ಅದು ಎಲ್ಲಿಂದ ಬಂದಿತೋ ಏನು ಹೇಳಬೇಕಾಗಿತ್ತೋ ತಿಳಿಯುವ ದಾರಿಯಿಲ್ಲ. ಚೆಲುವಿನ ಮೋಹಕ್ಕೆ ತೆತ್ತ ಬೆಲೆ ಇದು.

ಮೋಹವೆಂದು ಇಡೀ ವಿದ್ಯೆಯನ್ನು ತಳ್ಳಿಹಾಕಿದರೆ ಅನ್ಯಾಯವಾದೀತು. ಅದೇ ಸ್ಕಾಟ್ಲೆಂಡಿನ ಈಶಾನ್ಯ ತೀರದಲ್ಲಿ, ಬ್ರೋರಾ ಎಂಬ ಊರಿನ ಬಳಿ, ಮೇಗನ್ ಬಾಯ್ಡ್ ಎಂಬ ಹೆಂಗಸು ಸಣ್ಣದೊಂದು ಗುಡಿಸಲಿನಲ್ಲಿ ಕೂತು ದಶಕಗಳ ಕಾಲ ನೊಣಗಳನ್ನು ಕಟ್ಟಿದಳು. 1971ರಲ್ಲಿ ಬ್ರಿಟಿಷ್ ಸರ್ಕಾರ ಆಕೆಗೆ ಪದಕವನ್ನಿತ್ತಾಗ, ನಾಯಿಯನ್ನು ನೋಡಿಕೊಳ್ಳುವವರಿಲ್ಲವೆಂದು ಆಕೆ ಸಮಾರಂಭಕ್ಕೆ ಹೋಗಲಿಲ್ಲವಂತೆ. ಜಗತ್ತಿನ ಶ್ರೇಷ್ಠ ನೊಣಗಳನ್ನು ಕಟ್ಟಿದ ಈಕೆ ತಾನು ಮಾತ್ರ ಗಾಳ ಹಿಡಿದವಳಲ್ಲ. ಮೀನನ್ನು ಕೊಲ್ಲಲು ಆಕೆಗೆ ಮನಸ್ಸು ಬರುತ್ತಿರಲಿಲ್ಲ. 2001ರಲ್ಲಿ ಆಕೆ ತೀರಿಕೊಂಡಳು. ಕೆಲಸದ ಅಚ್ಚುಕಟ್ಟು ಒಂದು ಕಡೆ, ಅದರ ಫಲವನ್ನು ನೋಡಲಾರದ ಕರುಳು ಇನ್ನೊಂದು ಕಡೆ. ಅಮೆರಿಕದಲ್ಲಿಯೂ ಈ ವಿದ್ಯೆಗೆ ಒಂದು ಕ್ರಮ ತಂದವಳು ಹೆಂಗಸೇ. ಒಂದೇ ನೊಣಕ್ಕೆ ಊರಿಗೊಂದು ಹೆಸರಿದ್ದ ಗೊಂದಲವನ್ನು ಕಂಡ ಮೇರಿ ಆರ್ವಿಸ್ ಮಾರ್ಬರಿ ದೇಶದ ನಾನಾ ಭಾಗಗಳ ಬೇಟೆಗಾರರಿಂದ ಪತ್ರಗಳನ್ನು ಬರೆಸಿ, ಅವುಗಳನ್ನು ಸೇರಿಸಿ, ಬಣ್ಣದ ಚಿತ್ರಗಳೊಡನೆ 1892ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದಳು. ಅಂಚೆಯಣ್ಣ ಹೊತ್ತು ತಂದ ಕಾಗದಗಳಿಂದ ಕಟ್ಟಿದ ಗ್ರಂಥ ಅದು. ನೊಣಗಳು ಅಂಚೆಚೀಟಿಯನ್ನು ಏರುವುದಕ್ಕೆ ಸುಮಾರು ನೂರು ವರ್ಷ ಮೊದಲೇ ಅಂಚೆಗೂ ಅವಕ್ಕೂ ನಂಟು ಬೆಳೆದಿತ್ತು.

ಅಮೆರಿಕದ ಹುಸಿಯೆರೆಗೆ ಬೇರೊಂದು ಮುಖವೂ ಇದೆ. ಅದು ಗರಿಯ ಮುಖವಲ್ಲ, ಮರ ಮತ್ತು ತಗಡಿನ ಮುಖ. ಶ್ರೀಮಂತನ ವಿರಾಮಕ್ಕಿಂತ ಸಾಮಾನ್ಯನ ಜೇಬಿಗೆ ಹತ್ತಿರವಾದದ್ದು. ಜೂಲಿಯೋ ಬ್ಯೂಯೆಲ್ ಎಂಬುವನು ಹುಡುಗನಾಗಿದ್ದಾಗ ವರ್ಮಾಂಟಿನ ಒಂದು ಸರೋವರದಲ್ಲಿ ದೋಣಿಯ ಮೇಲೆ ಕೂತು ಊಟ ಮಾಡುತ್ತಿದ್ದನಂತೆ. ಕೈಜಾರಿದ ಚಮಚ ಮಿನುಗುತ್ತ ತಳಕ್ಕಿಳಿಯುವಾಗ ದೊಡ್ಡ ಮೀನೊಂದು ಬಂದು ಅದನ್ನು ನುಂಗಿತಂತೆ. ಕಥೆ ಎಷ್ಟು ನಿಜವೋ. 1852ರಲ್ಲಿ ಅವನು ತನ್ನ ತಗಡಿನ ಎರೆಗೆ ಹಕ್ಕುಪತ್ರ ಪಡೆದದ್ದು ನಿಜ. ಮಿಷಿಗನ್ನಿನ ಡೊವಾಜಿಯಾಕ್ ಎಂಬ ಊರಿನ ಜೇಮ್ಸ್ ಹೆಡನ್, ಜೇನು ಸಾಕುವುದರಲ್ಲಿ ಹೆಸರಾದವನು, ಹಳ್ಳದ ದಂಡೆಯಲ್ಲಿ ಯಾರಿಗೋ ಕಾಯುತ್ತ ಮರದ ತುಂಡೊಂದನ್ನು ಕೆತ್ತುತ್ತಿದ್ದ. ಬೇಸರದಿಂದ ಅದನ್ನು ನೀರಿಗೆಸೆದಾಗ ಮೀನೊಂದು ಹಾರಿ ಬಡಿಯಿತೆಂದು ಐತಿಹ್ಯ. ಆ ಮರದ ತುಂಡಿನಿಂದ ಒಂದು ಕಾರ್ಖಾನೆಯೇ ಬೆಳೆಯಿತು. ಎರಡು ಕಥೆಗಳಲ್ಲಿಯೂ ಆಕಸ್ಮಿಕವೇ ನಾಯಕ. ಆದರೆ ಸಾವಿರ ಜನರ ಕೈಯಿಂದ ಚಮಚ ಜಾರಿರಬಹುದು. ಅದರ ಹಿಂದೆ ಕಣ್ಣನ್ನೂ ಕಳುಹಿಸಿದವನು ಒಬ್ಬ.

ಈ ಕಣ್ಣಿನ ಮಹಿಮೆಯನ್ನು ಎಲ್ಲರಿಗಿಂತ ಚೆನ್ನಾಗಿ ತೋರಿಸಿದವನು ಫಿನ್‌ಲೆಂಡಿನ ಲೌರಿ ರಾಪಾಲ. ಕಡು ಬಡವ. ಸರೋವರದ ಮೀನು ಹಿಡಿದು ಸಂಸಾರ ಸಾಗಿಸುತ್ತಿದ್ದವನು. ಮರಿಮೀನುಗಳ ಗುಂಪಿನ ಮೇಲೆ ದೊಡ್ಡ ಮೀನು ಎರಗುವುದನ್ನು ದೋಣಿಯಿಂದ ನೋಡುತ್ತ ನೋಡುತ್ತ ಅವನೊಂದು ಸತ್ಯವನ್ನು ಕಂಡ. ದೊಡ್ಡ ಮೀನು ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುವುದಿಲ್ಲ. ಗುಂಪಿನಲ್ಲಿ ಯಾವುದು ಗಾಯಗೊಂಡು ಸ್ವಲ್ಪ ಓಲಾಡುತ್ತ ಈಜುತ್ತದೆಯೋ ಅದನ್ನೇ ಆರಿಸಿಕೊಳ್ಳುತ್ತದೆ. 1936ರಲ್ಲಿ ಅವನು ಬೆಂಡನ್ನು ಚಮ್ಮಾರನ ಚಾಕುವಿನಿಂದ ಕೆತ್ತಿ, ಆ ಓಲಾಟವನ್ನು ಅದಕ್ಕೆ ಕಲಿಸಿದ. ಹೊಳಪಿಗೆ ಚಾಕಲೇಟು ಸುತ್ತಿದ ತವರದ ಹಾಳೆ, ಮೇಲಿನ ಲೇಪಕ್ಕೆ ಕರಗಿಸಿದ ಫೋಟೋ ನೆಗೆಟಿವ್. ಟೂಕನ್ನಿನ ಗರಿಯಿಲ್ಲ, ಸಾಮ್ರಾಜ್ಯವಿಲ್ಲ. ಮನೆಯ ಕಸದಿಂದ ಹುಟ್ಟಿದ ಹುಸಿಯೆರೆ ಅದು. 1962ರ ಆಗಸ್ಟಿನಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆ ಅದನ್ನು ಕುರಿತು ಲೇಖನವನ್ನು ಪ್ರಕಟಿಸಿತು. ಅದೇ ಸಂಚಿಕೆ ಆಗತಾನೆ ಮಡಿದ ನಟಿ ಮೆರಿಲಿನ್ ಮನ್ರೋಳ ಮುಖಚಿತ್ರವನ್ನು ಹೊತ್ತು ಮನೆಮನೆಯನ್ನು ಹೊಕ್ಕಿತು. ಅವಳೊಡನೆ ರಾಪಾಲನ ಬೆಂಡೂ ಲೋಕಪ್ರಸಿದ್ಧವಾಯಿತು.

ಬಡತನದ ಇನ್ನೊಂದು ಕಥೆ 1932ರ ಜೂನ್ 2ರದು. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಜಾರ್ಜಿಯ ರಾಜ್ಯದ ಜಾರ್ಜ್ ಪೆರಿ ಎಂಬ ಯುವ ರೈತ ಮರದ ಹುಸಿಯೆರೆಯಿಂದ 22 ಪೌಂಡು 4 ಔನ್ಸು ತೂಕದ ಬಾಸ್ ಮೀನನ್ನು ಹಿಡಿದ. ಆ ಜಾತಿಯ ಮೀನಿನಲ್ಲಿ ಅದು ಜಾಗತಿಕ ದಾಖಲೆ; 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಅದನ್ನು ಸರಿಗಟ್ಟುವವರೆಗೆ ಎಪ್ಪತ್ತೇಳು ವರ್ಷ ಒಂಟಿಯಾಗಿ ನಿಂತಿತ್ತು. ಪೆರಿ ಆ ಮೀನನ್ನು ಏನು ಮಾಡಿದ? ತೂಕ ಮಾಡಿಸಿ ಮನೆಗೆ ಕೊಂಡೊಯ್ದ. ಮನೆಯವರು ಅಡುಗೆ ಮಾಡಿ ಉಂಡರು. ಇನ್ನೊಂದು ಕಡೆ, 1859ರಲ್ಲಿ ಓಹಾಯೋದ ರೈಲಿ ಹ್ಯಾಸ್ಕೆಲ್ ಹಕ್ಕುಪತ್ರ ಪಡೆದ ಲೋಹದ ಮೀನಿನ ಮಾದರಿಯ ಒಂದು ಪ್ರತಿ 2003ರ ಹರಾಜಿನಲ್ಲಿ ಒಂದು ಲಕ್ಷ ಡಾಲರನ್ನು ಮೀರಿದ ಬೆಲೆಗೆ ಮಾರಾಟವಾಯಿತು. ಅದನ್ನು ಕೊಂಡವರು ನೀರಿಗೆ ಬಿಡಲಾರರಷ್ಟೆ. ಪೆರಿಯ ಎರೆ ಮೀನನ್ನು ಹಿಡಿಯಿತು, ಹ್ಯಾಸ್ಕೆಲ್ಲನ ಎರೆ ಮನುಷ್ಯರನ್ನು ಹಿಡಿಯಿತು. ಎರಡರ ತೂಕವನ್ನೂ ಒಂದೇ ತಕ್ಕಡಿಯಲ್ಲಿ ನೋಡಲಾಗದು.

ಅಂಚೆಚೀಟಿಯ ಪ್ರಸಂಗಕ್ಕೆ ಮರಳೋಣ. 1991ರ ಐದು ನೊಣಗಳಲ್ಲಿ ‘ರಾಯಲ್ ವುಲ್ಫ್’ ಎಂಬುದೊಂದು. ಅದನ್ನು ರೂಪಿಸಿದ ಲೀ ವುಲ್ಫ್, ಒಳ್ಳೆಯ ಮೀನನ್ನು ಒಂದೇ ಸಲ ಹಿಡಿದು ಮುಗಿಸಿಬಿಡುವುದು ದುಂದುಗಾರಿಕೆಯೆಂದು ಬಹು ಹಿಂದೆಯೇ ಬರೆದವನು. ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುವ ಪದ್ಧತಿ ಹರಡುವುದಕ್ಕೆ ಅವನ ಮಾತು ಬಹಳ ನೆರವಾಯಿತು. ಚೀಟಿ ಹೊರಬಂದದ್ದು ಆ ವರ್ಷದ ಮೇ 31ರಂದು. ಅದಕ್ಕೆ ಒಂದು ತಿಂಗಳ ಹಿಂದೆ, ಏಪ್ರಿಲ್ 28ರಂದು, ಸಣ್ಣ ವಿಮಾನದ ಅಪಘಾತದಲ್ಲಿ ಅವನು ತೀರಿಕೊಂಡಿದ್ದ. ತನ್ನ ಕೈಕೆಲಸ ಮನೆಮನೆಯ ಲಕೋಟೆಯ ಮೇಲೆ ಕೂತದ್ದನ್ನು ಅವನು ಕಾಣಲಿಲ್ಲ.

ಚೀಟಿಯ ಮೇಲೆ ಹುಸಿಯೆರೆ ಬಲು ಚೆನ್ನಾಗಿ ಕಾಣುತ್ತದೆ. ಅದರ ಮೈಕಟ್ಟು, ಅದರ ಬಣ್ಣ, ಅದರ ಹುಸಿಗಣ್ಣು ಎಲ್ಲವೂ ಅಲ್ಲಿವೆ. ಆದರೆ ಎರಡು ಬೆರಳಿನಗಲದ ಕಾಗದದಲ್ಲಿ ಹೊಳೆಗೆ ಜಾಗವಿಲ್ಲ, ಕೊರಳ ಗರಿಯಿತ್ತ ಕಾಡುಕೋಳಿಗೆ ಜಾಗವಿಲ್ಲ, ದೀಪದ ಬೆಳಕಿನಲ್ಲಿ ನೂಲು ಸುತ್ತಿದ ಬೆರಳುಗಳಿಗೂ ಜಾಗವಿಲ್ಲ. ಅಂಚೆಚೀಟಿಯ ಸ್ವಭಾವವೇ ಅದು; ನೆನಪಿನ ಒಂದು ಚೂರನ್ನು ಚಂದವಾಗಿ ಕತ್ತರಿಸಿ ಕೊಡುತ್ತದೆ. ಉಳಿದದ್ದನ್ನು ನೆನೆಯುವ ಹೊಣೆ ನೋಡುವವನದು. ಒಂದು ಮಾತು ಪಿಸುದನಿಯಲ್ಲಿ ಹೇಳಬೇಕು: ಕಾಗದಕ್ಕೆ ಅಂಟಿಸದೆ ಆಲ್ಬಮ್ಮಿನಲ್ಲಿ ಜೋಪಾನವಾಗಿಡಲೆಂದೇ ನಾವು ಕೊಳ್ಳುವ ಬಣ್ಣಬಣ್ಣದ ಚೀಟಿಗಳೂ ಒಂದು ಬಗೆಯ ಹುಸಿಯೆರೆಗಳೇ. ಅಂಚೆ ಇಲಾಖೆಗಳಿಗೆ ಅದು ಚೆನ್ನಾಗಿ ಗೊತ್ತು.

ಸುಳ್ಳನ್ನು ಮನುಷ್ಯ ಏಕೆ ಇಷ್ಟು ಸಿಂಗರಿಸಿದನೆಂದು ಮೊದಲಲ್ಲಿ ಕೇಳಿದೆ. ನನಗೆ ತೋರುವ ಉತ್ತರ ಇದು. ಮೀನನ್ನು ವಂಚಿಸಬೇಕಾದರೆ ಮೊದಲು ಅದನ್ನು ಬಹುಕಾಲ ನೋಡಬೇಕಾಯಿತು. ಅದು ಏನನ್ನು ಪ್ರೀತಿಸುತ್ತದೆ, ಯಾವುದಕ್ಕೆ ಅಂಜುತ್ತದೆಂದು ತಿಳಿಯಬೇಕಾಯಿತು. ಅಷ್ಟು ನೋಡಿದವನ ಮನಸ್ಸಿನಲ್ಲಿ, ಅವನಿಗೆ ತಿಳಿಯದಂತೆಯೇ, ಆ ಜೀವದ ಬಗ್ಗೆ ಒಂದು ಮಮತೆ ಹುಟ್ಟಿತು. ಸೋಮೇಶ್ವರನ ಶ್ಲೋಕಗಳಲ್ಲಿ, ರಾಪಾಲನ ಬೆಂಡಿನಲ್ಲಿ, ವುಲ್ಫ್ ಬಿಟ್ಟುಬಿಡೆಂದ ಮೀನಿನಲ್ಲಿ ನಾನು ಕಾಣುವುದು ಈ ಮಮತೆಯನ್ನು. ಟ್ರಿಂಗಿನ ಕಳವಿನಲ್ಲಿ ಕಾಣುವುದು ಮಮತೆ ತಪ್ಪಿ ಉಳಿದ ಮೋಹವನ್ನು. ನೋಡುವ ಕಣ್ಣಿಗೂ ಬಯಸುವ ಕೈಗೂ ನಡುವೆ ಅಂತರ ಬಹಳ ಕಿರಿದು.

ಶೃಂಗೇರಿಯಲ್ಲಿ ತುಂಗೆಯ ಸೋಪಾನದ ಮೇಲೆ ಸಂಜೆ ಹೊತ್ತು ನಿಂತವರು ಆ ದೊಡ್ಡ ಮೀನುಗಳನ್ನು ಕಂಡಿರುತ್ತೀರಿ. ಅಲ್ಲಿ ಯಾರೂ ಗಾಳ ಹಾಕುವಂತಿಲ್ಲ. ಯಾತ್ರಿಕರು ಮಂಡಕ್ಕಿ ಎರಚುತ್ತಾರೆ. ನೀರು ಕುದಿದಂತೆ ಮೀನುಗಳು ಮೇಲೆದ್ದು ಬಾಯ್ದೆರೆಯುತ್ತವೆ. ಮಕ್ಕಳು ಕೇಕೆ ಹಾಕುತ್ತಾರೆ. ಅಲ್ಲಿಯೂ ಮನುಷ್ಯ ಮೀನನ್ನು ಕಣ್ತುಂಬ ನೋಡುತ್ತಾನೆ, ಅದಕ್ಕೆ ಪ್ರಿಯವಾದದ್ದನ್ನು ಕೊಡುತ್ತಾನೆ. ಆ ಮಂಡಕ್ಕಿಯೊಳಗೆ ಕೊಕ್ಕೆಯಿಲ್ಲ, ಅಷ್ಟೆ.

(ಬಾನುಲಿ ಭಾಷಣ)